ಮುಂಗಾಲಿ ಎಳೆಯದ ಜೀಪು

ಕಾಶಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮವರಲ್ಲಿ, ನಾಲ್ಕು ಕಾಸು ಕೂಡಿಸಿ ಊರಿಗೆ ಮರಳಿ ಸ್ವತಂತ್ರವಾದ ಉದ್ಯೋಗವೊಂದನ್ನು ಹಿಡಿಯಬೇಕೆಂಬ ಹಂಬಲವಿಲ್ಲದವರು ವಿರಳ. ಕುಂದಾಪುರದ ಕಡೆಯವರಾದ ನಮ್ಮ ಪರಿಚಿತರೊಬ್ಬರು ಹಳೆಯ ಜೀಪೊಂದನ್ನು ಕೊಂಡು, ಕೊಲ್ಲೂರಿನಿಂದ ಕೊಡಚಾದ್ರಿಗೆ ಯಾತ್ರಿಕರನ್ನು ಒಯ್ಯುವ ಆಲೋಚನೆಯಲ್ಲಿದ್ದರು. 1343 ಮೀಟರು ಎತ್ತರದ ಆ ಬೆಟ್ಟದ ಕಲ್ಲುಕೆಸರಿನ ದಾರಿಯಲ್ಲಿ ಹಿಂಗಾಲಿಗಳ ಬಲವೊಂದೇ ಸಾಲದು. ನಾಲ್ಕು ಗಾಲಿಗಳೂ ಎಳೆಯಬೇಕು.

ಟಾರುರಸ್ತೆಯಲ್ಲಿ ಗಾಡಿ ಸೊಗಸಾಗಿ ಓಡಿತು. ಗಂಗೆಯ ಆಚೆಯ ದಡದ ಮರಳಿಗಿಳಿಸಿದಾಗ ಮಾತ್ರ ಬಣ್ಣ ಬಯಲಾಯಿತು. ಲಿವರನ್ನು ನಾಲ್ಕು ಗಾಲಿಯ ಸ್ಥಾನಕ್ಕೆ ತಳ್ಳಿದ್ದರೂ ಹಿಂಗಾಲಿಗಳು ಮರಳನ್ನು ತೋಡಿದುವೇ ಹೊರತು ಮುಂಗಾಲಿಗಳು ಮಿಸುಕಲಿಲ್ಲ. "ಟ್ರಾನ್ಸ್‌ಫರ್ ಕೇಸೇ ಹೋಗಿದೆ" ಎಂದು ನೋಡಿದವರು ತೀರ್ಪಿತ್ತರು. ವರ್ಷಗಳ ಉಳಿತಾಯವನ್ನು ಕೈಯಲ್ಲಿ ಹಿಡಿದಿದ್ದ ನಮ್ಮ ಮಿತ್ರರ ಮುಖ ಬಾಡಿತು.

ಆದರೆ ಇಂತಹ ತೀರ್ಪಿಗೆ ಆತುರ ಸಲ್ಲದು. ಇಂಜಿನ್ನಿನ ಶಕ್ತಿಯು ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಪ್ರೊಪೆಲ್ಲರ್ ಶಾಫ್ಟಿಗೂ, ಅಲ್ಲಿಂದ ಅಚ್ಚಿನ ಮೂಲಕ ಗಾಲಿಯ ಹಬ್ಬಿಗೂ ಹರಿಯುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಮುಂಗಾಲಿ ನಿಲ್ಲುತ್ತದೆ. ಕಳಚಿದ ಕೊಂಡಿಯನ್ನು ಕಂಡುಹಿಡಿಯುವ ಉಪಾಯ ಸರಳವಾಗಿದೆ.

ಗಟ್ಟಿಯಾದ ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಹಿಂಗಾಲಿಗಳಿಗೆ ಎರಡು ಕಡೆಯಿಂದಲೂ ಅಡೆ ಕೊಟ್ಟು, ಇಂಜಿನ್ ಆರಿಸಿ ಒಂದನೆಯ ಗೇರಿನಲ್ಲಿರಿಸಬೇಕು. ಕೈಯಿಂದ ತಿರುಗಿಸುವ ಹಬ್ ಲಾಕುಗಳಿದ್ದರೆ ಎರಡನ್ನೂ ಬಿಗಿಮಾಡಿ, ಲಿವರನ್ನು ನಾಲ್ಕು ಗಾಲಿಗೆ ಹಾಕಿ, ಒಂದು ಮುಂಗಾಲಿಯನ್ನಷ್ಟೇ ಜಾಕಿಯಿಂದೆತ್ತಿ ಕೈಯಿಂದ ತಿರುಗಿಸಬೇಕು. ಗಾಡಿಯ ಕೆಳಗೆ ಯಾರೂ ನುಸುಳಬಾರದು. ಗಾಲಿಯು ಸ್ವಲ್ಪ ಅಲುಗಿ ನಿಂತರೆ ಎಲ್ಲವೂ ಸರಿ. ಸರಾಗವಾಗಿ ತಿರುಗಿ, ಪ್ರೊಪೆಲ್ಲರ್ ಶಾಫ್ಟು ಮಾತ್ರ ನಿಂತೇ ಇದ್ದರೆ, ದೋಷವಿರುವುದು ಹಬ್ಬಿನಲ್ಲಿ ಅಥವಾ ಅಚ್ಚಿನಲ್ಲಿ. ಶಾಫ್ಟೂ ಜೊತೆಗೂಡಿ ತಿರುಗಿದರೆ ಟ್ರಾನ್ಸ್‌ಫರ್ ಕೇಸು ಅಥವಾ ಅದರ ಲಿವರಿನ ಜೋಡಣೆಯನ್ನು ಶಂಕಿಸಬೇಕು.

ಗುಂಡಿಯೊತ್ತಿ ಬದಲಿಸುವ ಈಚಿನ ಗಾಡಿಗಳಲ್ಲಿ ಮೊದಲು ಫ್ಯೂಸನ್ನೂ, ಮೋಟಾರಿನ ತಂತಿಯ ಕೊಂಡಿಯನ್ನೂ, ವ್ಯಾಕ್ಯೂಮಿನ ರಬ್ಬರು ನಳಿಕೆಗಳನ್ನೂ ನೋಡಬೇಕು. ಬಿರಿದ ನಳಿಕೆಗೆ ತಗಲುವ ವೆಚ್ಚ ಅತ್ಯಲ್ಪ.

ದೋಷವಲ್ಲದ್ದನ್ನು ದೋಷವೆಂದು ಭ್ರಮಿಸುವುದೂ ಉಂಟು. ಲಿವರು ಹಾಕಿದೊಡನೆ ಒಳಗಿನ ಹಲ್ಲುಗಳು ಕೂಡದಿದ್ದರೆ ಗಾಡಿಯನ್ನು ನಾಲ್ಕಡಿ ಮುಂದಕ್ಕೆ ಉರುಳಿಸಿದರೆ ಸಾಕು. ತಿರುವಿನಲ್ಲಿ ಮುಂಗಾಲಿಗಳು ಹಿಂಗಾಲಿಗಳಿಗಿಂತ ಹೆಚ್ಚು ದೂರ ಸಾಗುವುದರಿಂದ, ಜಾರಲು ಎಡೆಯಿಲ್ಲದ ಟಾರುರಸ್ತೆಯಲ್ಲಿ ಶಾಫ್ಟುಗಳು ಬಿಗಿದು ಲಿವರು ಸಿಕ್ಕಿಕೊಳ್ಳುತ್ತದೆ. ಆಗ ಬಲಾತ್ಕಾರ ಮಾಡದೆ, ನೇರವಾಗಿ ಕೆಲವು ಗಜ ಹಿಂದಕ್ಕೆ ಸರಿದರೆ ಸಡಿಲಾಗುವುದು. ಆದುದರಿಂದಲೇ ನಾಲ್ಕು ಗಾಲಿಯ ಪರೀಕ್ಷೆಗೆ ಟಾರುರಸ್ತೆ ತಕ್ಕುದಲ್ಲ; ನೀರಿಳಿದ ಕಾಲದ ಮರಳು ತಕ್ಕುದು.

ಕೊನೆಯದಾಗಿ, ಟ್ರಾನ್ಸ್‌ಫರ್ ಕೇಸಿನ ಎಣ್ಣೆಯನ್ನು ಸ್ವಲ್ಪ ಇಳಿಸಿ ನೋಡಬೇಕು. ನುಣ್ಣನೆಯ ಬೂದುಬಣ್ಣದ ಮಡ್ಡಿ ಸಹಜ. ಲೋಹದ ಚೂರುಗಳು ಕಂಡರೆ ವ್ಯಾಪಾರವನ್ನು ಕೈಬಿಡುವುದೇ ಲೇಸು.

ನಮ್ಮ ಮಿತ್ರರ ಗಾಡಿಯಲ್ಲಿ ಶಾಫ್ಟು ನಿಂತೇ ಇತ್ತು. ಎಡಗಡೆಯ ಹಬ್ಬಿನೊಳಗೆ ತುಕ್ಕು ಹಿಡಿದು ಲಾಕು ಕೂಡದಾಗಿತ್ತು. ಬಿಚ್ಚಿ ತೊಳೆದು ಗ್ರೀಸು ಹಾಕಿದ ಮೇಲೆ ಮರಳಿನಲ್ಲಿ ನಾಲ್ಕು ಗಾಲಿಗಳೂ ಎಳೆದುವು. ದುಡಿದು ಗಳಿಸಿದ ಹಣವನ್ನು ಯಂತ್ರದಲ್ಲಿ ತೊಡಗಿಸುವವರು ಮಾರುವವನ ಮಾತನ್ನಾಗಲಿ, ನೋಡಿದವರ ಹೆದರಿಕೆಯನ್ನಾಗಲಿ ನಂಬದೆ, ಗಾಲಿಯನ್ನೇ ಕೇಳುವುದು ವಿಹಿತ.