ಲೀಟರಿಗೆ 35 ಗ್ರಾಂ ಕಡಲು

"ನಮ್ಮ ಸಾಣಿಕಟ್ಟಾ ಉಪ್ಪು ಹಾಕಿದ್ರೆ ಆಗೂದಿಲ್ವಾ?"

ಗಾಜಿನ ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಹತ್ತು ನಿಮಿಷ ಸುಮ್ಮನೆ ನೋಡಿದ ನನ್ನ ಆಯಿ ಆಡಿದ ಮೊದಲ ಮಾತು ಇದು. ಬೆಂಗಳೂರು ರಾಜರಾಜೇಶ್ವರಿನಗರದ ಮನೆಯೊಂದರ ಎರಡನೇ ಮಹಡಿ. ಮನೆಯವರು ಕುಮಟೆಯಲ್ಲಿ ನನಗೆ ಪಿಯುಸಿಗೆ ರಸಾಯನಶಾಸ್ತ್ರ ಕಲಿಸಿದ ಮೇಡಂ. ನಿವೃತ್ತರಾಗಿ ಮಗನ ಮನೆ ಸೇರಿ ಆರು ವರ್ಷವಾಯಿತು. ಅವರ ಪಡಸಾಲೆಯಲ್ಲಿ ಕಡಲಿದೆ ಎಂದು ಗೆಳೆಯನೊಬ್ಬ ಹೇಳಿದಾಗ ದೊಡ್ಡದೊಂದು ಮೀನಿನ ತೊಟ್ಟಿ ಇರಬೇಕು ಅಂದುಕೊಂಡಿದ್ದೆ. ಹೋಗಿಬಂದು ಮೂರು ವಾರವಾದರೂ ಕಣ್ಣು ಮುಚ್ಚಿದರೆ ಆ ನೀಲಿ ಬೆಳಕೇ ಬರುತ್ತದೆ.

ತೊಟ್ಟಿ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ತಳದಲ್ಲಿ ಬಿಳಿ ಮರಳು, ಅದರ ಮೇಲೆ ನೇರಳೆ ಪಾಚಿ ಗಟ್ಟಿಯಾಗಿ ಮೆತ್ತಿಕೊಂಡ ಬಂಡೆಗಳು. ಬಂಡೆಯ ನೆತ್ತಿಯಲ್ಲಿ ಊಟದ ತಟ್ಟೆಯಷ್ಟು ಅಗಲದ, ಅಣಬೆಯಂಥದ್ದೊಂದು. ಅದು ಮೃದು ಹವಳ. ಸಾಕುವವರ ಬಾಯಲ್ಲಿ ಲೆದರ್ ಕೋರಲ್. ಮೈತುಂಬ ಸಣ್ಣ ಎಳೆಗಳು, ಪ್ರತಿ ಎಳೆಯ ತುದಿಗೂ ಎಂಟು ದಳದ ಹೂವು. ಒಂದು ಕಡೆಯಿಂದ ನೀರಿನ ಅಲೆ ಬಂದಾಗ ಅಷ್ಟೂ ಹೂವು ಒಟ್ಟಿಗೆ ಬಾಗುತ್ತವೆ, ಸಸಿಮಡಿಯ ಮೇಲೆ ಗಾಳಿ ಹಾದ ಹಾಗೆ. ಅದರ ನಡುವೆ ಮೈ ಒರಸುತ್ತ ಎರಡು ಕ್ಲೌನ್ ಮೀನು ಬಿದ್ದುಕೊಂಡಿದ್ದವು. ಈ ಜಾತಿಯಲ್ಲಿ ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಆಯಿಗೆ ಅದನ್ನು ಹೇಳಿದೆ. ಅವಳಿಗೆ ಅದಕ್ಕಿಂತ ಉಪ್ಪಿನ ವಿಷಯವೇ ಮುಖ್ಯವಾಗಿತ್ತು.

ಗೋಕರ್ಣದ ಹತ್ತಿರ ಅಘನಾಶಿನಿಯ ಅಳಿವೆಯ ದಂಡೆಯ ಸಾಣಿಕಟ್ಟಾ ಉಪ್ಪಿನ ಆಗರವನ್ನು ನೋಡುತ್ತ ಬೆಳೆದವಳು ಅವಳು. ಉಪ್ಪಿನಕಾಯಿಗೆ, ಮಾವಿನಮಿಡಿ ಉಪ್ಪಿನಲ್ಲಿ ಹಾಕುವುದಕ್ಕೆ ಬೇರೆ ಉಪ್ಪು ಮುಟ್ಟುವುದಿಲ್ಲ. ಕಡಲ ನೀರಿನಿಂದಲೇ ತೆಗೆದ ಉಪ್ಪನ್ನು ನೀರಿಗೆ ಹಾಕಿದರೆ ಮತ್ತೆ ಕಡಲಾಗಬೇಕಲ್ಲ ಎಂಬುದು ಅವಳ ತರ್ಕ. ನನಗೂ ಅದೇ ಸರಿ ಅನ್ನಿಸಿತ್ತು. ಮೇಡಂ ಕನ್ನಡಕ ಮೇಲೆ ಸರಿಸಿ, "ನೀನೂ ಅದನ್ನೇ ನಂಬಿದ್ದೀಯಾ?" ಎಂದು ನನ್ನ ಕಡೆ ತಿರುಗಿದರು. ಮೂವತ್ತು ವರ್ಷದ ಹಿಂದಿನ ಬೆಂಚು ನೆನಪಾಯಿತು.

ಆಗರದಲ್ಲಿ ನಡೆಯುವುದು ಬರೀ ಒಣಗಿಸುವ ಕೆಲಸ ಎಂದುಕೊಂಡಿದ್ದೆ. ಮೇಡಂ ಹೇಳುವಂತೆ ಅದು ಕಡಲನ್ನು ಬಿಡಿಸುವ ಕೆಲಸ. ತೂಬಿನಿಂದ ಒಳಗೆ ಬಂದ ನೀರು ಬಿಸಿಲಿಗೆ ಸುಮಾರು ಅರ್ಧ ಆರಿದಾಗ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ತಳ ಹಿಡಿಯುತ್ತದೆ. ಐದರಲ್ಲೊಂದು ಪಾಲು ಉಳಿದಾಗ ಜಿಪ್ಸಂ ಇಳಿಯುತ್ತದೆ. ಹತ್ತರಲ್ಲೊಂದು ಪಾಲಿಗೆ ಬಂದಾಗ ಉಪ್ಪು ಹರಳುಗಟ್ಟುತ್ತದೆ. ಅದನ್ನು ಎಳೆದು ರಾಶಿ ಹಾಕುತ್ತಾರೆ. ಕೊನೆಗೆ ಉಳಿದ ಕಹಿ ನೀರಿನಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ ಇರುತ್ತವೆ. ಅದನ್ನು ಹೊರಗೆ ಬಿಡುತ್ತಾರೆ. ಅಡುಗೆಮನೆಗೆ ಬರುವುದು ಕಡಲಿನ ನಡುವಿನ ಹೋಳು ಮಾತ್ರ. ಹವಳಕ್ಕೆ ಬೇಕಾದ ಸುಣ್ಣ ಮೊದಲ ಮಡಿಯಲ್ಲೇ ಉಳಿಯಿತು, ಮೆಗ್ನೀಸಿಯಂ ಕೊನೆಯ ನೀರಿನ ಜೊತೆ ಹೋಯಿತು.

ಒಂದು ಕಿಲೊ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ಕ್ಲೋರೈಡ್ 19 ಗ್ರಾಂ ಚಿಲ್ಲರೆ, ಸೋಡಿಯಂ ಹತ್ತಿರ ಹತ್ತಿರ 11. ಉಳಿದದ್ದರಲ್ಲಿ ಸಲ್ಫೇಟ್, ಮೆಗ್ನೀಸಿಯಂ. ಕ್ಯಾಲ್ಸಿಯಂ ಅರ್ಧ ಗ್ರಾಂ ಕೂಡ ಇಲ್ಲ. ಆ ಅರ್ಧಕ್ಕೂ ಕಡಿಮೆ ಗ್ರಾಮಿನಿಂದ ಲಕ್ಷದ್ವೀಪದಂಥ ದ್ವೀಪಗಳೇ ಎದ್ದಿವೆ ಎನ್ನುವುದು ನನಗೆ ಈಗಲೂ ನಂಬಲಾಗದ ಸಂಗತಿ. 1872ರಿಂದ 1876ರವರೆಗೆ ಲೋಕ ಸುತ್ತಿದ ಚಾಲೆಂಜರ್ ಹಡಗು ಬೇರೆ ಬೇರೆ ಸಾಗರಗಳಿಂದ ತಂದ ನೀರಿನ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ವಿಶ್ಲೇಷಿಸಿ 1884ರಲ್ಲಿ ವರದಿ ಕೊಟ್ಟರು. ಉಪ್ಪಿನಂಶ ಒಂದೆಡೆ ಹೆಚ್ಚಿರಬಹುದು, ಇನ್ನೊಂದೆಡೆ ಕಡಿಮೆಯಿರಬಹುದು; ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಮಾತ್ರ ಎಲ್ಲೆಡೆ ಒಂದೇ. ಇಂದು ಕಾರ್ಖಾನೆಯಲ್ಲಿ ಬೆರೆಸಿ ಚೀಲದಲ್ಲಿ ಮಾರುವ ಕಡಲುಪ್ಪಿನ ಮಿಶ್ರಣ ನಿಂತಿರುವುದು ಈ ಲೆಕ್ಕದ ಮೇಲೆ. ಅದಕ್ಕೂ ಮೊದಲೇ, 1850ರ ದಶಕದಲ್ಲಿ, ಲಂಡನ್ನಿನ ಫಿಲಿಪ್ ಹೆನ್ರಿ ಗಾಸ್ ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಈ ನಾಲ್ಕನ್ನು ಬೆರೆಸಿ ಕೃತಕ ಕಡಲು ಮಾಡಿದ್ದರು. ಅಕ್ವೇರಿಯಂ ಎಂಬ ಮಾತು ಜನರ ಬಾಯಿಗೆ ಬಂದದ್ದು ಅವರ 1854ರ ಪುಸ್ತಕದಿಂದ.

ಬಾಲ್ಕನಿಯಲ್ಲಿ ನೀಲಿ ಡ್ರಮ್ಮು ಇದೆ. ವಾರಕ್ಕೊಮ್ಮೆ ಅದರಲ್ಲಿ 50 ಲೀಟರ್ ನೀರಿಗೆ ಮಿಶ್ರಣ ಸುರಿದು, ಸಣ್ಣ ಪಂಪಿನಿಂದ ರಾತ್ರಿಯಿಡೀ ಕಲಕುತ್ತಾರೆ. ಬೆಳಿಗ್ಗೆ ಒಂದು ಹನಿ ತೆಗೆದು ರಿಫ್ರಾಕ್ಟೋಮೀಟರಿನ ಗಾಜಿನ ಮೇಲಿಟ್ಟು ಮುಚ್ಚಳ ಒತ್ತಿ, ಕಿಟಕಿಯ ಕಡೆ ಹಿಡಿದು ನೋಡುತ್ತಾರೆ. ನನ್ನ ಕೈಗೂ ಕೊಟ್ಟರು. ಒಳಗೆ ಮೇಲರ್ಧ ನೀಲಿ, ಕೆಳಗರ್ಧ ಬಿಳಿ. ಎರಡೂ ಸೇರುವ ಗೆರೆ 35ರ ಮೇಲೆ ನಿಂತಿತ್ತು. ತೊಟ್ಟಿಯಿಂದ ಅಷ್ಟೇ ಹಳೆಯ ನೀರು ತೆಗೆದು ಇದನ್ನು ತುಂಬುತ್ತಾರೆ. ಮೃದು ಹವಳಗಳೇ ಇರುವುದರಿಂದ ಕ್ಯಾಲ್ಸಿಯಂ ಬೇರೆಯಾಗಿ ಹನಿಸಬೇಕಿಲ್ಲ, ಈ ಬದಲಾವಣೆಯಲ್ಲೇ ಸಾಲುತ್ತದಂತೆ.

ಮನೆಯಲ್ಲಿ ಹವಳದ ಜಾತಿಯ ಜೀವಿಗಳನ್ನು ಇಟ್ಟ ಮೊದಲಿಗರ ಹೆಸರು ಹೇಳುವಾಗ ಆನಾ ಥಿನ್ ಎಂಬ ಹೆಂಗಸನ್ನು ಬಿಡಲಾಗದು. 1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಕರಾವಳಿಯಿಂದ ಕಲ್ಲುಹವಳದ ಒಂಟಿ ಜೀವಿಗಳನ್ನು ಲಂಡನ್ನಿಗೆ ಒಯ್ದು ಮನೆಯಲ್ಲಿಟ್ಟವರು. ಹೊಸ ಕಡಲ ನೀರು ದಿನವೂ ಸಿಗುತ್ತಿರಲಿಲ್ಲ. ತೆರೆದ ಕಿಟಕಿಯ ಬಳಿ ನಿಂತು ಆ ನೀರನ್ನೇ ಪಾತ್ರೆಯಿಂದ ಪಾತ್ರೆಗೆ ಹೊಯ್ಯುವ ಕೆಲಸ ಮನೆಗೆಲಸದ ಹುಡುಗಿಯದ್ದು. ದಿನಕ್ಕೆ ಅರ್ಧ ಮುಕ್ಕಾಲು ಗಂಟೆ. ಆಯಿ ಕಾಫಿಯನ್ನು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುವುದನ್ನು ನೋಡಿದವರಿಗೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಗಾಳಿ ನೀರಿಗೆ ಸೇರಬೇಕು, ಅಷ್ಟೇ. ನೂರಾರು ಬಾರಿ ತೋಳೆತ್ತಿದ ಆ ಹುಡುಗಿಯ ಹೆಸರು ನಾನು ಓದಿದ ಯಾವ ಬರಹದಲ್ಲೂ ಇರಲಿಲ್ಲ ಎಂಬುದು ನನಗೆ ನೋವಿನ ವಿಷಯ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಅಮೆರಿಕದ ಪತ್ರಿಕೆಯೊಂದರಲ್ಲಿ, ಜೀವವಿರುವ ಕಡಲಬಂಡೆಗಳು ಮತ್ತು ಗಾಳಿಗುಳ್ಳೆಗಳಿಂದಲೇ ತೊಟ್ಟಿ ನಡೆಸುವ ತಮ್ಮ ಪದ್ಧತಿಯನ್ನು ಬರೆದರು. ಇಂದಿನ ಹವಳದ ತೊಟ್ಟಿಯ ಬೇರು ಅಲ್ಲಿದೆ.

ಆ ಹುಡುಗಿಯ ಕೆಲಸವನ್ನು ಈಗ ತೊಟ್ಟಿಯಡಿಯ ಕಪಾಟಿನೊಳಗಿನ ಸ್ಕಿಮ್ಮರ್ ಮಾಡುತ್ತದೆ. ನಮ್ಮ ಮನೆಗಳ ಸಂಪ್ ನೆಲದಡಿ ಇರುವಂತೆ ಈ ತೊಟ್ಟಿಗೂ ಒಂದು ಸಂಪ್, ಕಪಾಟಿನಲ್ಲಿ. ಮೇಲಿನ ನೀರು ಅಂಚಿನಿಂದ ತುಳುಕಿ ಕೊಳವೆಯಲ್ಲಿ ಕೆಳಗಿಳಿಯುತ್ತದೆ, ಅಲ್ಲಿ ಶುದ್ಧವಾಗಿ ಪಂಪಿನಿಂದ ಮೇಲೇರುತ್ತದೆ. ಸ್ಕಿಮ್ಮರಿನ ಉದ್ದ ಕೊಳವೆಯಲ್ಲಿ ಹಿಟ್ಟಿನಷ್ಟು ನುಣ್ಣನೆಯ ಗುಳ್ಳೆಗಳು ಏಳುತ್ತವೆ; ಮೀನಿನ ಕೊಳೆ, ಹವಳದ ಲೋಳೆ ಗುಳ್ಳೆಗೆ ಅಂಟಿ ನೊರೆಯಾಗಿ ಮೇಲಿನ ಬಟ್ಟಲಿಗೆ ಬೀಳುತ್ತವೆ. ಬಟ್ಟಲಿನಲ್ಲಿದ್ದದ್ದು ಕಡು ಚಹಾದ ಬಣ್ಣದ ನೀರು, ವಾಸನೆ ಹೇಳತೀರದು. ಮಳೆಗಾಲದಲ್ಲಿ ನಮ್ಮ ದಂಡೆಗೆ ಬಂದು ಬೀಳುವ ಹಳದಿ ನೊರೆಯೂ ಇದೇ ಕೆಲಸ ಎಂದು ಮೇಡಂ ಹೇಳಿದಾಗ, ಇಷ್ಟು ವರ್ಷ ಅದನ್ನು ಕಾಲಲ್ಲಿ ಒದ್ದು ಆಡಿದ್ದೆವಲ್ಲ ಅನ್ನಿಸಿತು.

ಆದರೆ ಮೇಡಂ ಮೊದಲು ಯೋಚಿಸಿದ್ದು ಇದ್ಯಾವುದನ್ನೂ ಅಲ್ಲ, ಭಾರವನ್ನು. ನೀರು, ಮರಳು, ಬಂಡೆ, 12 ಮಿಲಿಮೀಟರ್ ದಪ್ಪದ ಗಾಜು, ಕಬ್ಬಿಣದ ಸ್ಟ್ಯಾಂಡು, ಸಂಪ್ ಎಲ್ಲ ಸೇರಿ ಮುಕ್ಕಾಲು ಟನ್ನಿನ ಹತ್ತಿರ, ಅದೂ ಎಂಟು ಚದರಡಿ ಜಾಗದಲ್ಲಿ. ವಾಸದ ಮನೆಯ ನೆಲಕ್ಕೆ ನಮ್ಮ ದೇಶದ ಮಾನದಂಡದಲ್ಲಿ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕಿಲೊ. ತೊಟ್ಟಿಯ ಕಾಲಡಿ ಬೀಳುವುದು ಅದರ ಐದು ಪಟ್ಟು. ಮನೆ ಕಟ್ಟಿದ ಎಂಜಿನಿಯರನ್ನೇ ಕರೆಸಿ, ನಕ್ಷೆ ಹರಡಿ, ಬೀಮ್ ಹಾದುಹೋಗುವ ಗೋಡೆಯ ಪಕ್ಕ ಜಾಗ ಗುರುತು ಮಾಡಿಸಿದ ಮೇಲೆಯೇ ಗಾಜಿಗೆ ಹೇಳಿದ್ದು.

ಇಷ್ಟು ಎಚ್ಚರ ವಹಿಸಿದವರ ಮನೆಯಲ್ಲೂ ಮೊದಲ ತಿಂಗಳೇ ಕಡಲು ಉಕ್ಕಿತು. ಮೇಲೆ ನೀರು ತರುವ ಕೊಳವೆಯ ಬಾಯಿ ನೀರಿನ ಮಟ್ಟದಿಂದ ನಾಲ್ಕು ಇಂಚು ಕೆಳಗಿತ್ತು. ರಾತ್ರಿ ಕರೆಂಟು ಹೋಯಿತು, ಪಂಪು ನಿಂತಿತು, ನೀರು ಅದೇ ಕೊಳವೆಯಲ್ಲಿ ಹಿಂದಕ್ಕೆ ಎಳೆದುಕೊಂಡಿತು. ಈ ಅಳತೆಯ ತೊಟ್ಟಿಯಲ್ಲಿ ಒಂದು ಇಂಚೆಂದರೆ 19 ಲೀಟರ್. ಎಪ್ಪತ್ತಕ್ಕೂ ಹೆಚ್ಚು ಲೀಟರ್ ಸಂಪಿಗೆ ಇಳಿದು, ಅಲ್ಲಿ ಜಾಗ ಸಾಲದೆ ಪಡಸಾಲೆಗೆ ಹರಿಯಿತು. ಬೆಳಿಗ್ಗೆ ಎದ್ದು ಕಾಲಿಟ್ಟಾಗಲೇ ಗೊತ್ತಾದದ್ದು. ಈಗ ಆ ಕೊಳವೆಯಲ್ಲಿ, ನೀರಿನ ಮಟ್ಟದ ತುಸುವೇ ಕೆಳಗೆ, ಶೇಂಗಾ ಕಾಳಿನಷ್ಟು ದೊಡ್ಡ ತೂತು ಇದೆ. ನನಗೆ ತೋರಿಸಲು ಪಂಪಿನ ಸ್ವಿಚ್ಚು ಆರಿಸಿದರು. ನೀರು ನಿಧಾನ ಇಳಿಯಿತು, ತೂತು ಹೊರಬಿತ್ತು, ಗೊರ್ ಎಂದು ಗಾಳಿ ಎಳೆದುಕೊಂಡು ಹರಿವು ನಿಂತೇಹೋಯಿತು. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆ ತೂತನ್ನು ಉಜ್ಜುತ್ತಾರೆ, ಪಾಚಿ ಕಟ್ಟಬಾರದೆಂದು.

ನೀರು ತುಂಬಿದ ಮೇಲೂ 38 ದಿನ ಒಂದು ಮೀನೂ ಇರಲಿಲ್ಲ. ಅಕ್ಕಪಕ್ಕದವರು ಬಂದು ಬರೀ ಬಂಡೆ ನೋಡಿ ಹೋಗುತ್ತಿದ್ದರಂತೆ. ಆ ದಿನಗಳಲ್ಲಿ ಮೇಡಂ ಅಳತೆ ಮಾಡಿ ಅಮೋನಿಯಂ ಕ್ಲೋರೈಡ್ ಹಾಕುತ್ತ ಬ್ಯಾಕ್ಟೀರಿಯ ಬೆಳೆಸುತ್ತಿದ್ದರು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಹೆಚ್ಚು ತೊಂದರೆ ಕೊಡದ ನೈಟ್ರೇಟ್ ಮಾಡುತ್ತವೆ. ಅಮೋನಿಯ ಹಾಕಿದ ಮರುದಿನವೇ ಪರೀಕ್ಷೆಯ ನಳಿಕೆಯಲ್ಲಿ ಅಮೋನಿಯವೂ ನೈಟ್ರೈಟೂ ಸೊನ್ನೆ ತೋರಿದ ಮೇಲೆ ಮೀನು ಬಂತು. ಹವಳ ಬಂದದ್ದು ಇನ್ನೂ ಮೂರು ತಿಂಗಳ ನಂತರ. ದಿನಾಂಕ, ಬಣ್ಣ, ಉಷ್ಣತೆ ಎಲ್ಲ ಬರೆದ ದಪ್ಪ ರಿಜಿಸ್ಟರು ತೊಟ್ಟಿಯ ಪಕ್ಕದಲ್ಲೇ ಇದೆ. ನಮ್ಮ ಪ್ರಾಕ್ಟಿಕಲ್ ರೆಕಾರ್ಡಿನದ್ದೇ ಅಕ್ಷರ.

ಬಂಡೆಗಳು ಕಡಲಿನವಲ್ಲ, ಕಾರ್ಖಾನೆಯಲ್ಲಿ ಸುಟ್ಟು ಮಾಡಿದ ಸೆರಾಮಿಕ್. ಇದರ ಬಗ್ಗೆ ಮೇಡಂ ಬಹಳ ಕಟ್ಟುನಿಟ್ಟು, ನನಗೂ ಅದೇ ಸರಿ ಕಾಣುತ್ತದೆ. 2001ರಲ್ಲಿ ರೀಫ್ ಕಟ್ಟುವ ಎಲ್ಲ ಕಲ್ಲುಹವಳಗಳು, ಕರಿಹವಳ, ಬೆಂಕಿಹವಳ, ಕಡಲಬೀಸಣಿಗೆ, ಕಡಲಕುದುರೆಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದರು. ಹುಲಿ ಇರುವ ಪಟ್ಟಿ ಅದು. ಮುರುಡೇಶ್ವರದ ಆಚೆಯ ನೇತ್ರಾಣಿಯಿಂದ ಸತ್ತ ಹವಳದ ತುಂಡು ತಂದರೂ ಅಪರಾಧ. ಮೇಡಂ ಆ ಪಟ್ಟಿಯನ್ನು ಮುದ್ರಿಸಿ ಇಟ್ಟುಕೊಂಡು, ಅದರಲ್ಲಿಲ್ಲದ ಮೃದು ಹವಳಗಳನ್ನಷ್ಟೇ, ತೊಟ್ಟಿಯಲ್ಲಿ ಬೆಳೆಸಿ ತುಂಡು ಮಾಡಿದವನ್ನು, ಬಿಲ್ಲಿನೊಂದಿಗೆ ತಂದಿದ್ದಾರೆ. ಕ್ಲೌನ್ ಮೀನುಗಳೂ ಮರಿಕೇಂದ್ರದಲ್ಲಿ ಹುಟ್ಟಿದವು. ಅವನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಎಲ್ಲಿಂದ ಬಂತೆಂದು ಕೇಳಿದರೆ ಮಾತು ಬದಲಿಸುವ ಅಂಗಡಿಯಿಂದ ಏನನ್ನೂ ತರಬಾರದು. ಇಷ್ಟು ಸಾಧ್ಯವಾಗದವರು ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಒಂದು ವಿಷಯ ಮಾತ್ರ ನನ್ನನ್ನು ಈಗಲೂ ಚುಚ್ಚುತ್ತದೆ. ನಲ್ಲಿ ನೀರನ್ನಾಗಲೀ ಬೋರ್‌ವೆಲ್ ನೀರನ್ನಾಗಲೀ ನೇರ ಬಳಸುವಂತಿಲ್ಲ. ಆರ್‌ಒ ಮಾಡಿ, ಮೇಲೆ ರಾಳದ ಶೋಧಕದಲ್ಲಿ ಹಾಯಿಸಿ, ಕರಗಿದ ಲವಣ ಸೊನ್ನೆಗೆ ಬರಬೇಕು. ಒಂದು ಲೀಟರ್ ಸಿಗಲು ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಇದೇ ಊರಿನ ಜನ ಟ್ಯಾಂಕರಿಗಾಗಿ ಕೊಡ ಹಿಡಿದು ಕಾದದ್ದನ್ನು ಬರೆದವನು ನಾನು. ಕೇಳಿಯೇಬಿಟ್ಟೆ. ಮೇಡಂ ಬಚ್ಚಲಿಗೆ ಕರೆದೊಯ್ದು ಸಾಲು ಬಕೆಟ್ಟುಗಳನ್ನು ತೋರಿಸಿದರು. ಹೊರಬರುವ ನೀರು ಅಲ್ಲಿಗೆ ಬೀಳುತ್ತದೆ. ನೆಲ ಒರಸುವುದು, ಬಟ್ಟೆಯ ಮೊದಲ ನೀರು, ಕಕ್ಕಸು, ಎಲ್ಲ ಅದರಿಂದಲೇ. ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಬೇಸಿಗೆಯಲ್ಲಿ ನೀರನ್ನು 26 ಡಿಗ್ರಿಯಲ್ಲಿ ನಿಲ್ಲಿಸಲು ಓಡುವ ಚಿಲ್ಲರಿನ ಕರೆಂಟು ಲೆಕ್ಕ ಬೇರೆ.

ಆಯಿಯ ಗಮನ ಅಷ್ಟು ಹೊತ್ತೂ ಸಂಪಿನ ಪಕ್ಕದ ಕ್ಯಾನಿನ ಮೇಲಿತ್ತು. ದಿನಕ್ಕೆ ನಾಲ್ಕೈದು ಲೀಟರ್ ನೀರು ಆವಿಯಾಗುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬುವಾಗ ಬರೀ ಸಿಹಿನೀರು ತುಂಬಬೇಕು. ಸಂಪಿನಲ್ಲಿ ಮಟ್ಟ ಒಂದು ಕೂದಲು ಇಳಿದರೂ ತೇಲುಗುಂಡು ಕೆಳಗಿಳಿದು, ಕ್ಯಾನಿನಿಂದ ಎರಡು ಲೋಟದಷ್ಟು ಬಂದು ಬೀಳುತ್ತದೆ. ಉಪ್ಪುನೀರನ್ನೇ ತುಂಬುತ್ತ ಹೋದರೆ? "ಕೊನೆಗೆ ಆಗರ," ಎಂದರು ಮೇಡಂ. "ನಾವು ನೀರು ಆರೂದಕ್ಕೆ ಬಿಸಿಲು ಕಾಯ್ತಿದ್ವು, ನೀವು ಆರದೇ ಇದ್ದ ಹಾಗೆ ಕಾಯ್ತ್ರಿ," ಎಂದಳು ಆಯಿ.

ಹೊರಡುವ ಹೊತ್ತಿಗೆ ತೊಟ್ಟಿಯ ದೀಪ ಒಂದೊಂದೇ ಇಳಿಯುತ್ತಿತ್ತು. ಲೆದರ್ ಹವಳ ಹೂವುಗಳನ್ನು ಒಳಗೆಳೆದುಕೊಂಡು ನುಣುಪಾದ ಹಳದಿ ತಟ್ಟೆಯಾಯಿತು. ಗಾಜಿನ ಮೇಲಂಚಿನಲ್ಲಿ, ನೀರು ಸಿಡಿದು ಒಣಗಿದಲ್ಲಿ, ಬಿಳಿ ಉಪ್ಪು ಹೂವಿನಂತೆ ಕಟ್ಟಿತ್ತು. ಆಯಿ ಎದ್ದು ನಿಂತವಳು ಅದನ್ನು ಬೆರಳಿಗೆ ಒತ್ತಿ, ಆಗರದ ಅಭ್ಯಾಸದಲ್ಲಿ ನಾಲಿಗೆಗೆ ಒಯ್ದಳು. ಮೇಡಂ ತಟ್ಟನೆ ಮಣಿಕಟ್ಟು ಹಿಡಿದರು. ಬಂಡೆಯ ಕೆಳಗೆ ಹಸಿರು ಗುಂಡಿಗಳಂತೆ ಹರಡಿರುವ ಜೊವಾಂತಿಡ್‌ಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಕಡು ವಿಷವಿರುತ್ತದೆ; ಈ ತೊಟ್ಟಿಯದ್ದು ಏನೂ ಬಾಯಿಗೆ ಹೋಗಬಾರದು, ಮುಟ್ಟಿದರೆ ಸೋಪು ಹಾಕಿ ತೊಳೆಯಲೇಬೇಕು.

ಆಯಿ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

"ಕಾಳು ಕಟ್ಲಿಲ್ಲ," ಎಂದು ಹೇಳಿ ಕೈ ತೊಳೆಯಲು ಹೋದಳು.