ಕಡಲೆಕಾಯಿ ಬಳ್ಳಿಯೂ ಕರೆಯುವ ಹಸುವೂ

ನಮ್ಮ ಹಿಂದೂಪುರ, ಕಲ್ಯಾಣದುರ್ಗ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಮೇವಿಲ್ಲದೆ ದನಗಳನ್ನು ಸಂತೆಗೆ ಹೊಡೆಯುತ್ತೇವೆ. ದನ ಹೋದ ಮನೆಯಲ್ಲಿ ಹಾಲೂ ಇಲ್ಲ, ಗೊಬ್ಬರವೂ ಇಲ್ಲ. ಆದರೆ ನಮ್ಮ ಹೊಲದ ಕಡಲೆಕಾಯಿ ಬಳ್ಳಿ ಒಳ್ಳೆಯ ಮೇವು. ಭತ್ತದ ಹುಲ್ಲಿಗಿಂತ ಅದರಲ್ಲಿ ಸಸಾರಜನಕ ಹೆಚ್ಚು. ಕಾಯಿ ಬಿಡಿಸಿದೊಡನೆ ಬಳ್ಳಿಯನ್ನು ಚೆನ್ನಾಗಿ ಒಣಗಿಸಿ, ಮಳೆ ತಾಗದಂತೆ ಬಣವೆ ಒಟ್ಟಬೇಕು.

ಮೇವೊಂದೇ ಸಾಲದು. ಕರೆಯುವ ಹಸುವಿನ ಮೈಪೋಷಣೆಗೆ ದಿನಕ್ಕೆ 1 ಕಿಲೋ ಹಿಂಡಿ, ಬೂಸ, ನುಚ್ಚು ಕೂಡಿಸಿದ ದಾಣಿ ಬೇಕು. ಅದರ ಮೇಲೆ, ಕೊಡುವ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಇನ್ನೊಂದು ಕಿಲೋ. ಎಮ್ಮೆಗಾದರೆ 2 ಲೀಟರಿಗೆ ಒಂದು ಕಿಲೋ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು, ಕುಡಿದಷ್ಟೂ ನೀರು.

ಹಿಂಡಿಯ ವಿಷಯದಲ್ಲಿ ಎಚ್ಚರವಿರಲಿ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರಿರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಹಿಂಡಿ ತಿಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತುವು. ಈ ವಿಷ ಹಸುವಿನ ಪಿತ್ತಜನಕಾಂಗವನ್ನು ಕೆಡಿಸಿ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಆ ಹಾಲನ್ನು ಕುಡಿಯುವವರು ನಮ್ಮ ಮಕ್ಕಳೇ.

ಆದುದರಿಂದ ಹಿಂಡಿಯ ಮೂಟೆಯನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲೆ ಇಡೋಣ. ಬೂಷ್ಟು ಕಂಡುದನ್ನು ಎಷ್ಟೇ ಬೆಲೆ ಕೊಟ್ಟಿದ್ದರೂ ದನಕ್ಕೆ ಹಾಕದಿರೋಣ.