ಅಲಮೇಲಮ್ಮನ ಸಿಟ್ಟು ಹರಿದ ಹೊಳೆ

ನಕ್ಷೆ ಬಿಡಿಸಿ ಕಪಿಲೆಯ ಮೇಲೆ ಬೆರಳಿಟ್ಟು ನೋಡಿ. ನಂಜನಗೂಡು. ಹಾಲಾಹಲ ಕುಡಿದು ಗಂಟಲಲ್ಲೇ ತಡೆದು ನಿಲ್ಲಿಸಿದ ದೇವರ ಊರು. ಅಲ್ಲಿಂದ ಬೆರಳು ಹರಿವಿನ ಜೊತೆ ಸರಿಯಲಿ. ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಕೂಡಿದ ನೀರು ಮುಂದೆ ತಲಕಾಡನ್ನು ಬಳಸಿ ಬಾಗುತ್ತದೆ, ಮಾಲಂಗಿಯನ್ನು ಮುಟ್ಟುತ್ತದೆ. ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ಅಲಮೇಲಮ್ಮ ಒಡಲ ನಂಜನ್ನೆಲ್ಲ ಮೂರೇ ಮಾತಿನಲ್ಲಿ ಹೊರಹಾಕಿದ ಜಾಗ ಅದು. ನಂಜು ನುಂಗಿದವನೂ ನಂಜು ಕಾರಿದವಳೂ ಒಂದೇ ನೀರಿನ ದಡದಲ್ಲಿ! ಇದು ಹೊಳೆದ ಗಳಿಗೆಯಿಂದ ನನಗೆ ಬೇರೆ ಧ್ಯಾನವೇ ಇಲ್ಲ.

ಫ್ಯಾಂಟಸಿ ಕಾದಂಬರಿಗಳ ದೊರೆಗಳು ಹೇಗೆ ಅಳುತ್ತಾರೆ, ಹೇಗೆ ಕೆರಳುತ್ತಾರೆ ಎಂದು ಹುಡುಕುತ್ತಾ ಹೊರಟವನು ನಾನು. ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಗೊಂಡೋರ್ ಆಳುವ ಡೆನೆಥಾರ್ ಒಬ್ಬ ಮಗನನ್ನು ಕಳೆದುಕೊಂಡು, ಇನ್ನೊಬ್ಬ ಮಗನೂ ಉಳಿಯಲಾರನೆಂದು ಕಂಗೆಟ್ಟು ತಾನೇ ಬೆಂಕಿಗೆ ಬೀಳುತ್ತಾನೆ. ಅವನ ದುಃಖ ಅವನನ್ನೇ ಸುಡುತ್ತದೆ. ನಮ್ಮ ರನ್ನನ ದುರ್ಯೋಧನ ಇನ್ನೂ ದೊಡ್ಡವನು. ಹೆಣಗಳ ನಡುವೆ ನಡೆಯುತ್ತಾ ತನ್ನವರಿಗಾಗಿ ಅತ್ತವನು ವೈರಿಯ ಮಗ ಅಭಿಮನ್ಯುವಿನ ಶವಕ್ಕೂ ಕೈಮುಗಿಯುತ್ತಾನೆ. ಸಾವಿರ ವರ್ಷದ ಹಿಂದೆ ಕನ್ನಡದ ಕವಿಯೊಬ್ಬ ಸೋತ ಅರಸನ ಒಳಗನ್ನು ಹೀಗೆ ತೆರೆದು ತೋರಿಸಿದ್ದ!

ಆದರೆ ಅಲಮೇಲಮ್ಮ? ಆಕೆಯ ದುಃಖ ತನ್ನನ್ನು ಸುಟ್ಟುಕೊಂಡು ಸುಮ್ಮನಾಗಲಿಲ್ಲ, ಶತ್ರುವಿಗೆ ಕೈಮುಗಿಯಲೂ ಇಲ್ಲ. ನೆಲಕ್ಕೆ, ನೀರಿಗೆ, ವಂಶಕ್ಕೆ ಇಳಿಯಿತು.

1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಚರಿತ್ರೆ ತಿರುಮಲ ಎನ್ನುವ, ಐತಿಹ್ಯ ಶ್ರೀರಂಗರಾಯ ಎನ್ನುವ ಅಲ್ಲಿನ ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮ. ಮುಂದಿನದನ್ನು ಜನ ಹೇಳುವುದು ಹೀಗೆ: ಗಂಡ ತಲಕಾಡಿನಲ್ಲಿ ತೀರಿಕೊಂಡ. ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳು ಈಕೆಯ ಬಳಿಯಿದ್ದವು. ಅವು ಬೇಕೆಂದು ಗೆದ್ದವರು ಹೇಳಿಕಳಿಸಿದರು. ಆಕೆ ಮುತ್ತಿನ ಮೂಗುತಿಯನ್ನಷ್ಟೇ ಕೊಟ್ಟಳು. ಸೈನಿಕರು ಬಂದರು. ಒಡವೆಯ ಗಂಟು ಕಟ್ಟಿಕೊಂಡು ಓಡಿ, ಹೊಳೆಯ ದಡದಲ್ಲಿ ನಿಂತು, ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರು ಅರಸರಿಗೆ ಮಕ್ಕಳಾಗದಿರಲೆಂದೂ ಶಪಿಸಿ ಹಾರಿಕೊಂಡಳು.

ಎಂಥ ಮಾತುಗಳು! ಸೇನೆಯಿಲ್ಲ, ಕೋಟೆಯಿಲ್ಲ, ಗಂಡನೂ ಇಲ್ಲ. ಕೈಯಲ್ಲಿ ಉಳಿದದ್ದು ನಾಲಿಗೆಯೊಂದೇ. ಮಕ್ಕಳನ್ನು ಕಳೆದುಕೊಂಡ ಗಾಂಧಾರಿ ಕೃಷ್ಣನ ಕುಲಕ್ಕೆ ಕೊಟ್ಟ ಶಾಪವನ್ನು ನೆನೆದುಕೊಳ್ಳಿ. ಅದೇ ಬೆಂಕಿ ನಮ್ಮ ತಾಲ್ಲೂಕಿನ ಹೊಳೆದಂಡೆಯಲ್ಲಿ.

ಇನ್ನು ಕಣ್ಣಿಗೆ ಕಾಣುವುದನ್ನೇ ನೋಡಿ. ತಲಕಾಡು ಗಂಗರ ರಾಜಧಾನಿ. ಚೋಳರ ಕೈಯಲ್ಲಿ ರಾಜರಾಜಪುರವಾಗಿತ್ತು. 1117ರ ಹೊತ್ತಿಗೆ ಅದನ್ನು ಗೆದ್ದ ವಿಷ್ಣುವರ್ಧನ ‘ತಲಕಾಡುಗೊಂಡ’ ಎನಿಸಿಕೊಂಡು ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ಆ ಗುಡಿಯನ್ನೇ ಮರಳಿನಿಂದ ಅಗೆದು ತೆಗೆಯಬೇಕಾಯಿತು! ಹೊಳೆಯ ತಿರುವು, ಮೇಲ್ಗಡೆಯ ಮಾಧವಮಂತ್ರಿ ಅಣೆಕಟ್ಟೆಯಿಂದ ಬರಿದಾದ ಪಾತ್ರ, ಅಲ್ಲಿಯ ಮರಳನ್ನು ಹೊತ್ತು ತರುವ ಮುಂಗಾರಿನ ಗಾಳಿ ಎಂದು ತಿಳಿದವರು ಕಾರಣ ಕೊಡುತ್ತಾರೆ. ನನಗೆ ಅದೂ ಒಪ್ಪಿಗೆ. ಒಂದು ಊರು ಮರಳಿನಲ್ಲಿ ಮುಳುಗುವುದನ್ನು ಕಂಡ ಜನ ಅದಕ್ಕೆ ಒಬ್ಬ ರಾಣಿಯ ಸಂಕಟವನ್ನೇ ಕಾರಣವಾಗಿ ಆರಿಸಿಕೊಂಡರಲ್ಲ, ನನ್ನ ಬೆರಗು ಅಲ್ಲಿದೆ.

ವಂಶದ ಮಾತು ಅಕ್ಷರಶಃ ನಡೆಯಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಹತ್ತನೆಯ ಚಾಮರಾಜರ ಸ್ವಂತ ಮಗನೇ. ಆದರೆ ರಾಜ ಒಡೆಯರ ವಯಸ್ಸಿಗೆ ಬಂದ ಮಕ್ಕಳು ತಂದೆಗಿಂತ ಮೊದಲೇ ತೀರಿಕೊಂಡಿದ್ದರಿಂದ 1617ರಲ್ಲಿ ಪಟ್ಟ ಮೊಮ್ಮಗನಿಗೆ ಹೋಯಿತು. ನಾಲ್ವಡಿಯವರಿಗೂ ಮಕ್ಕಳಿರಲಿಲ್ಲ. 2013ರಲ್ಲಿ ತೀರಿಕೊಂಡ ಶ್ರೀಕಂಠದತ್ತ ಒಡೆಯರಿಗೂ ಇರಲಿಲ್ಲ. 2015ರಲ್ಲಿ ದತ್ತು ಬಂದ ಯದುವೀರರಿಗೆ 2017ರಲ್ಲಿ ಮಗ ಹುಟ್ಟಿದಾಗ ಇಡೀ ನಾಡು ಮತ್ತೆ ಅಲಮೇಲಮ್ಮನನ್ನು ನೆನೆಯಿತು.

ಅರಸರ ದುಃಖಕ್ಕೆ ಇನ್ನೊಂದು ಮುಖವೂ ಇದೆ. ತಲಕಾಡು ಇರುವ ತಾಲ್ಲೂಕಿನದೇ ದೊಡ್ಡಹುಂಡಿಯಲ್ಲಿ ಒಂಬತ್ತನೆಯ ಶತಮಾನದ ಒಂದು ಕಲ್ಲು ಸಿಕ್ಕಿದೆ. ಗಂಗ ದೊರೆ ನೀತಿಮಾರ್ಗನ ಮರಣದ ಗಳಿಗೆಯನ್ನೇ ಅದರಲ್ಲಿ ಕೆತ್ತಿದ್ದಾರೆ: ಸಾಯುತ್ತಿರುವ ಅರಸ, ಆಸರೆಯಾದ ಸೇವಕ ಅಗರಯ್ಯ, ಹತ್ತಿರದಲ್ಲಿ ಮಗ ಸತ್ಯವಾಕ್ಯ. ಅಲ್ಲಿ ಯುದ್ಧವಿಲ್ಲ, ಶಾಪವಿಲ್ಲ. ಹೊಸ ದೊರೆ ತನ್ನ ಅಳಲನ್ನು ಕಲ್ಲಿಗೆ ಒಪ್ಪಿಸಿದ್ದಾನೆ.

ನನ್ನನ್ನು ಪೂರಾ ಗೆದ್ದದ್ದು ಮಾತ್ರ ಮೈಸೂರು ಅರಮನೆ. ಗೆದ್ದವರು ಸೋತವಳ ಚಿನ್ನದ ಪ್ರತಿಮೆ ಮಾಡಿಸಿ ಪೂಜೆಗಿಟ್ಟರು. ಶಪಿಸಿದವಳು ಶಪಿಸಿಕೊಂಡವರ ಮನೆಯಲ್ಲೇ ದೇವರಾದಳು! ಭಯವೋ ಪಶ್ಚಾತ್ತಾಪವೋ, ಎರಡೂ ಇದ್ದಿರಬೇಕು. ಸೋತ ರಾಣಿಯ ಸಿಟ್ಟನ್ನು ಗೆದ್ದ ಮನೆತನ ಇಷ್ಟು ಕಾಲ ತಲೆಯ ಮೇಲೆ ಹೊತ್ತ ಕಥೆ ನಾನು ಓದಿದ ಯಾವ ಫ್ಯಾಂಟಸಿಯಲ್ಲೂ ಇಲ್ಲ.

ಕನ್ನಡದಲ್ಲಿ ಫ್ಯಾಂಟಸಿ ಬರೆಯಬೇಕೆಂದಿರುವ ಗೆಳೆಯರೇ, ಡ್ರ್ಯಾಗನ್‌ಗಳನ್ನು ಹುಡುಕುವ ಮೊದಲು ಒಮ್ಮೆ ತಲಕಾಡಿನ ಮರಳು ತುಳಿದು, ಮಾಲಂಗಿಯ ದಡದಲ್ಲಿ ನಿಂತು ಬನ್ನಿ.